ಬ್ರೇಕಪ್ ಆಗಿ ಆರು ತಿಂಗಳಾದ್ರೂ ಹಿಂದೆ ಬೀಳೋದು ಬಿಡಲ್ಲ, ಯಾಕೆ? (ನನ್ ರೂಮ್‌ಮೇಟ್ ಕತೆ)

ಮಹಡಿಮನೆ_ಮಗ
ಎಲ್ರಿಗೂ ನಮಸ್ಕಾರ. ಸುಮಾರು ದಿನದಿಂದ ತಲೇಲಿ ಕೊರೀತಿದೆ, ಕೇಳೇ ಬಿಡೋಣ ಅಂತ. ನನ್ ರೂಮ್‌ಮೇಟ್‌ಗೆ 24 ವಯಸ್ಸು, ಕೆಲಸ ಇದೆ, ಬುದ್ಧಿವಂತ, ಬೇರೆ ಯಾವ ವಿಷ್ಯದಲ್ಲೂ ಹುಚ್ಚಾಟ ಆಡೋನಲ್ಲ. ಎರಡು ವರ್ಷ ಒಬ್ಬಳ ಜೊತೆ ಇದ್ದ. ಆರು ತಿಂಗಳ ಹಿಂದೆ ಅವಳು ಎದುರಿಗೆ ಕೂತು "ನಂಗೆ ಇದು ಸಾಕು, ಮುಂದುವರಿಸೋಕೆ ಆಗಲ್ಲ" ಅಂತ ಹೇಳಿ ಹೋದಳು. ಮೋಸ ಇಲ್ಲ, ದೊಡ್ಡ ಜಗಳ ಇಲ್ಲ. ಇವನು ಮಾತ್ರ ಬಿಟ್ಟಿಲ್ಲ. ಮೊದಲು ಮೆಸೇಜು, ಬ್ಲಾಕ್ ಆದ್ಮೇಲೆ ಮೇಲ್, ಮೇಲ್‌ಗೂ ಉತ್ತರ ಬರದೇ ಇದ್ದಾಗ ಪೇಮೆಂಟ್ ಆ್ಯಪಲ್ಲಿ ಚಿಲ್ಲರೆ ಕಾಸು ಕಳ್ಸಿ ಅದರ ನೋಟಲ್ಲಿ "ಒಂದ್ಸಲ ಮಾತಾಡು" ಅಂತ ಬರೆಯೋದು. ಅವಳ ಆಫೀಸ್ ಬಿಡೋ ಟೈಮಿಗೆ ಎರಡು ಸಲ ಹೋಗಿ ನಿಂತಿದಾನೆ. ಈಗೀಗ ರಾತ್ರಿ ಊಟ ಆದ್ಮೇಲೆ ನನ್ ಫೋನ್ ಇಸ್ಕೊಂಡು ಅವಳ ಸ್ಟೋರಿ ನೋಡ್ತಾನೆ, ನಾನೂ ಪಾಪ ಅಂತ ಕೊಡ್ತೀನಿ.

ಬೈದೂ ನೋಡ್ದೆ, ಸಮಾಧಾನ ಹೇಳೂ ನೋಡ್ದೆ. ಹೋಗಲಿ ಬಿಡು ಅಂತ ಯಾಕೆ ಅನ್ಸಲ್ಲ ಇವರಿಗೆಲ್ಲ?

ಚುಟುಕು
ಕೆಲಸ ಕಮ್ಮಿ, ಡೇಟಾ ಜಾಸ್ತಿ.

ರಾತ್ರಿಗೂಬೆ
ನಿಜವಾದ ಪ್ರೀತಿ ಅಂದ್ರೆ ಅದೇ ಗುರೂ. ಒಂದು "ಬೇಡ" ಕೇಳಿ ಬಿಟ್ಟು ಹೋಗೋನು ಪ್ರೀತಿ ಮಾಡಿದ್ದೇ ಸುಳ್ಳು. ನನ್ ಕಸಿನ್ ಒಂದು ವರ್ಷ ಹಿಂದೆ ಬಿದ್ದ, ಕೊನೆಗೆ ಅವಳೇ ವಾಪಸ್ ಬಂದು ಈಗ ಮದುವೆನೂ ಆಗಿದಾರೆ.

ಖಾರಮಾತು
@ರಾತ್ರಿಗೂಬೆ ನಿಮ್ ಕಸಿನ್ ಹೆಂಡ್ತೀನ ಕೇಳಿದೀರಾ ಆ ಒಂದು ವರ್ಷ ಹೇಗಿತ್ತು ಅಂತ? ಕಸಿನ್ ಹೇಳೋ ಕತೆ ನಂಗೆ ಬೇಡ, ಅವರು ಹೇಳೋದು ಬೇಕು. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಅಂತ ಸುಮ್ನೆ ಹೇಳಿಲ್ಲ ಹಿರಿಯರು.

ರಾತ್ರಿಗೂಬೆ
@ಖಾರಮಾತು ಕೇಳಿಲ್ಲ. ಚೆನ್ನಾಗೇ ಇದಾರೆ ಅನ್ಸುತ್ತೆ. ಎಲ್ಲಾನೂ ಕ್ರೈಮ್ ಮಾಡಬೇಡಿ ರೀ.

ಪುಸ್ತಕದ_ಹುಳ
ವಾಪಸ್ ಸೇರೋದು ಅಪರೂಪ ಏನಲ್ಲ, ಅದು ನಿಜ. ಅಮೆರಿಕದಲ್ಲಿ 17ರಿಂದ 24 ವಯಸ್ಸಿನವರನ್ನ ಕೇಳಿ 2013ರಲ್ಲಿ ಬಂದ ಒಂದು ಸ್ಟಡಿ ಇದೆ, ಇತ್ತೀಚೆಗೆ ಸಂಬಂಧ ಇದ್ದವರಲ್ಲಿ ಹೆಚ್ಚು ಕಮ್ಮಿ ನೂರಕ್ಕೆ 44 ಜನ ಒಂದ್ಸಲನಾದ್ರೂ ಬಿಟ್ಟು ಮತ್ತೆ ಸೇರಿದ್ರು. ಸಮಸ್ಯೆ ಇರೋದೇ ಅಲ್ಲಿ. ಸುತ್ತ ನೋಡಿದ್ರೆ ಅರ್ಧಕ್ಕರ್ಧ ಜನ ಮತ್ತೆ ಒಂದಾಗ್ತಿರ್ತಾರೆ, ಹಾಗಾಗಿ "ನಂದೂ ಆಗುತ್ತೆ" ಅಂತ ಆಸೆ ಇಟ್ಕೊಳ್ಳೋದು ಪೂರ್ತಿ ಹುಚ್ಚು ಅಂತ ಹೇಳೋಕಾಗಲ್ಲ. ಆದ್ರೆ ಅವರು ಸೇರಿದ್ದು ಇಬ್ಬರಿಗೂ ಮನಸ್ಸಿದ್ದಿದ್ದಕ್ಕೆ. ಒಬ್ಬರು ಗೇಟ್ ಹತ್ರ ನಿಂತಿದ್ದಕ್ಕೆ ಅಲ್ಲ.

ಬಿಸಿಲುಕುದುರೆ
ಇದೆಲ್ಲ ಮೆದುಳಿನ ಕೆಮಿಕಲ್. ಬ್ರೇಕಪ್ ಆದವರ ಮೆದುಳು ಕೊಕೇನ್ ಅಡಿಕ್ಟ್ ಥರ ಅಂತ ಸ್ಕ್ಯಾನ್ ಮಾಡಿ ಪ್ರೂವ್ ಮಾಡಿದಾರೆ. ಪಾಪ ಅವನ ತಪ್ಪೇನೂ ಇಲ್ಲ.

ಪುಸ್ತಕದ_ಹುಳ
@ಬಿಸಿಲುಕುದುರೆ ತಡೀರಿ ತಡೀರಿ. ಆ ಸ್ಟಡಿ ಹೆಲೆನ್ ಫಿಶರ್ ತಂಡದ್ದು, 2010. ಸ್ಕ್ಯಾನರ್ ಒಳಗೆ ಮಲಗಿದ್ದು ಒಟ್ಟು 15 ಜನ, 10 ಹೆಂಗಸರು 5 ಗಂಡಸರು, ಎಲ್ರೂ ಈಚೆಗೆ ಕೈಬಿಡಿಸಿಕೊಂಡು ಇನ್ನೂ ಪ್ರೀತಿ ಇದೆ ಅನ್ನೋರು. ಎಚ್ಚರ ಇರೋ ಹೊತ್ತಲ್ಲಿ ನೂರಕ್ಕೆ 85 ಭಾಗಕ್ಕಿಂತ ಜಾಸ್ತಿ ಆ ಒಬ್ಬರದ್ದೇ ಯೋಚನೆ ಅಂದಿದ್ರು. ಫೋಟೋ ತೋರಿಸಿದಾಗ ಆಸೆ, ಚಟ ಇದಕ್ಕೆಲ್ಲ ಸಂಬಂಧಪಟ್ಟ ಜಾಗಗಳು ಚುರುಕಾದವು, ಅಷ್ಟು ನಿಜ. ಆದ್ರೆ 15 ಜನರಿಂದ "ಪ್ರೂವ್" ಅಂತ ಅನ್ನೋಕಾಗಲ್ಲ. ಎಲ್ರೂ ಬಿಟ್ಟುಬಿಡೋ ಇನ್ನೊಂದು ವಿಷ್ಯ ಅದೇ ಪೇಪರಲ್ಲಿದೆ: ಬಿಟ್ಟು ಹೋಗಿ ಜಾಸ್ತಿ ದಿನ ಆದವರಲ್ಲಿ, ಅಂಟಿಕೊಂಡಿರೋದಕ್ಕೆ ಸಂಬಂಧಪಟ್ಟ ಒಂದು ಜಾಗದ ಚಟುವಟಿಕೆ ಕಮ್ಮಿ ಇತ್ತು. ಅಂದ್ರೆ ಅದರ ಪಾಡಿಗೆ ಬಿಟ್ರೆ ಇಳಿಯುತ್ತೆ.

ಮತ್ತೆ ಆ 15 ಜನರಿಗೂ ಇದೇ ಮೆದುಳು ಇತ್ತಲ್ಲ, ಎಲ್ರೂ ಹೋಗಿ ಆಫೀಸ್ ಮುಂದೆ ನಿಂತ್ರಾ? ಕಾಡೋದು ಬೇರೆ, ಕಾಡಿಸೋದು ಬೇರೆ.

ಚುಟುಕು
ಕಾಡೋದು ಬೇರೆ ಕಾಡಿಸೋದು ಬೇರೆ 👌 ಟೀ ಶರ್ಟ್ ಮಾಡ್ಸಿ ಸರ್

ಸೈಲೆಂಟ್_ಮೋಡ್
ನಾನು ಆ ಕಡೆ ಇದ್ದೋಳು. ಅಂದ್ರೆ ಯಾರ ಹಿಂದೆ ಬಿದ್ರೋ ಅವಳು. ಹೇಳಬೇಕೋ ಬೇಡ್ವೋ ಅಂತ ಎರಡು ಸಲ ಟೈಪ್ ಮಾಡಿ ಅಳಿಸಿದೆ.

ಬಿಟ್ಟಿದ್ದು ನಾನೇ. ಸ್ಪಷ್ಟವಾಗೇ ಹೇಳಿದ್ದೆ ಅಂದ್ಕೊಂಡಿದ್ದೆ. ಈಗ ಹಳೇ ಚಾಟ್ ತೆಗೆದು ನೋಡಿದ್ರೆ ನಾನು ಬರೆದಿರೋದು "ಸದ್ಯಕ್ಕೆ ನಂಗೆ ಆಗ್ತಿಲ್ಲ", "ನೀನು ತುಂಬಾ ಒಳ್ಳೆಯವನು", "ಟೈಮ್ ಬೇಕು". ಅವನಿಗೆ ನೋವಾಗಬಾರದು ಅಂತ ಮೆತ್ತಗೆ ಮಾತಾಡಿದ್ದು. ಅವನು ಅದರಲ್ಲಿ "ಸದ್ಯಕ್ಕೆ" ಅನ್ನೋ ಒಂದೇ ಪದ ಹಿಡ್ಕೊಂಡ. ಆಮೇಲೆ ನಾಲ್ಕು ತಿಂಗಳು ಏನಕ್ಕೂ ಉತ್ತರ ಕೊಡಲಿಲ್ಲ, ನನ್ ಬರ್ತ್‌ಡೇ ದಿನ ಬೇರೆ ನಂಬರಿಂದ ವಿಶ್ ಬಂತು, ಯಾರು ಅಂತ ಗೊತ್ತಾಗಿ ಕೈ ತಡೀದೆ "ಥ್ಯಾಂಕ್ಸ್" ಅಂದೆ. ಒಂದೇ ಪದ ಕಣ್ರೀ. ಮುಂದಿನ ಮೂರು ತಿಂಗಳು ಆ ಥ್ಯಾಂಕ್ಸ್ ಮೇಲೇ ನಡೀತು. "ನೀನು ಅವತ್ತು ಥ್ಯಾಂಕ್ಸ್ ಅಂದ್ಯಲ್ಲ, ಅಂದ್ರೆ ಇನ್ನೂ ಮನಸ್ಸಲ್ಲಿ ಇದೆ ತಾನೇ" ಅಂತ ಉದ್ದುದ್ದ ಮೆಸೇಜು. ನನಗೆ ಫೋನ್ ವೈಬ್ರೇಟ್ ಆದ್ರೆ ಹೊಟ್ಟೆ ತೊಳಸಿದ ಹಾಗಾಗ್ತಿತ್ತು, ಬೇರೆ ಯಾರದ್ದೋ ಕರೆ ಆದ್ರೂ. ಈ ಹೆಸರು ಇಟ್ಕೊಂಡಿರೋದೂ ಅದಕ್ಕೇ.

@ಮಹಡಿಮನೆ_ಮಗ ನಿಮ್ ರೂಮ್‌ಮೇಟ್ "ಒಂದ್ಸಲ ಮಾತಾಡು" ಅಂತ ಕೇಳ್ತಿರೋದು ಅವರಿಗೆ ಬರೀ ಒಂದ್ಸಲ ಇರಬಹುದು, ಅವಳು ಅದನ್ನ ಎಣಿಸ್ತಿರ್ತಾಳೆ.

ಖಾರಮಾತು
@ಸೈಲೆಂಟ್_ಮೋಡ್ ಬರೆದಿದ್ದಕ್ಕೆ ಥ್ಯಾಂಕ್ಸ್ ಅಕ್ಕ. ಇದನ್ನೇ ಓದಬೇಕು ಕಸಿನ್ ಕತೆ ಹೇಳೋರು.

ಪುಸ್ತಕದ_ಹುಳ
@ಸೈಲೆಂಟ್_ಮೋಡ್ ನಿಮ್ ತಪ್ಪು ಅಂತ ಖಂಡಿತ ಹೇಳ್ತಿಲ್ಲ, ಆದ್ರೆ ಆ ಥ್ಯಾಂಕ್ಸ್ ಯಾಕೆ ಅಷ್ಟು ಕೆಲಸ ಮಾಡ್ತು ಅನ್ನೋಕೆ ಹಳೇ ವಿವರಣೆ ಇದೆ. ಸ್ಕಿನ್ನರ್ ಅನ್ನೋ ಮನಶ್ಶಾಸ್ತ್ರಜ್ಞ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗ ಕೇಳಿರ್ತೀರಿ. ಗುಂಡಿ ಕುಕ್ಕಿದಾಗಲೆಲ್ಲ ಕಾಳು ಸಿಕ್ತಿದ್ದ ಪಾರಿವಾಳಕ್ಕೆ ಕಾಳು ನಿಲ್ಲಿಸಿದ್ರೆ ಅದು ಬೇಗ ಕುಕ್ಕೋದು ಬಿಡುತ್ತೆ. ಯಾವಾಗಲೋ ಒಮ್ಮೆ, ಲೆಕ್ಕ ಇಲ್ಲದೆ ಸಿಕ್ತಿದ್ದ ಪಾರಿವಾಳ ಮಾತ್ರ ಕುಕ್ತಾನೇ ಇರುತ್ತೆ, ಕುಕ್ತಾನೇ ಇರುತ್ತೆ. ಕಾಳು ಪೂರ್ತಿ ನಿಲ್ಲಿಸಿದ ತಕ್ಷಣ ಕೆಲವು ಸಲ ಕುಕ್ಕೋದು ಇನ್ನೂ ಜೋರಾಗುತ್ತೆ, ಆಮೇಲೆ ಇಳಿಯೋದು. ಬ್ಲಾಕ್ ಮಾಡಿದ ವಾರದಲ್ಲೇ ಇಪ್ಪತ್ತು ನಂಬರಿಂದ ಕಾಲ್ ಬರೋದು ಅದೇ ಥರದ್ದು. ಆ ವಾರದಲ್ಲಿ ಸುಸ್ತಾಗಿ ಒಂದ್ಸಲ ಎತ್ತಿಬಿಟ್ರೆ ಮತ್ತೆ ಮೊದಲಿಂದ.

ರಾತ್ರಿಗೂಬೆ
ಮನುಷ್ಯರನ್ನ ಪಾರಿವಾಳಕ್ಕೆ ಹೋಲಿಸ್ತಿದೀರಲ್ಲ ಮೇಷ್ಟ್ರೇ 😂

ಪುಸ್ತಕದ_ಹುಳ
ಪಾರಿವಾಳ ಪಾಪ ಸ್ಟೋರಿ ನೋಡಲ್ಲ, ಅಷ್ಟೇ ವ್ಯತ್ಯಾಸ.

ನೀಲಿ_ಟಿಕ್
ಒಂದು ವಿಷ್ಯ. ಇಲ್ಲಿ ಎಲ್ರೂ "ಅವನು ಅವನು" ಅಂತಿದೀರಾ. ನಾನು ಹುಡುಗಿ, ನಾನೂ ಮಾಡಿದೀನಿ. ಗೇಟ್ ಹತ್ರ ನಿಂತಿಲ್ಲ, ಆದ್ರೆ ಮೂರು ಫೇಕ್ ಅಕೌಂಟು, ಅವನ ಹೊಸ ಗೆಳತಿಯ ತಂಗಿಯ ಫ್ರೆಂಡ್ ತನಕ ಫಾಲೋ. ಲಾಸ್ಟ್ ಸೀನ್ ರಾತ್ರಿ 2:10 ಅಂದ್ರೆ ಯಾರ ಜೊತೆ ಮಾತಾಡ್ತಿದ್ದ ಅಂತ ಬೆಳಗಿನ ತನಕ ಯೋಚನೆ. ಅವನ ಅಮ್ಮನಿಗೆ "ಆಂಟಿ ಹೇಗಿದೀರಾ" ಅಂತ ಮೆಸೇಜ್ ಮಾಡ್ತಿದ್ದೆ, ಅವರ ಮೇಲಿನ ಪ್ರೀತಿಗಲ್ಲ ಅನ್ನೋದು ನಂಗೂ ಗೊತ್ತಿತ್ತು ಅವರಿಗೂ ಗೊತ್ತಿತ್ತು.

ನಾನು ಯಾರಿಗೂ ತೊಂದ್ರೆ ಕೊಡ್ತಿಲ್ಲ ಬರೀ ನೋಡ್ತಿದೀನಿ ಅಂದ್ಕೊಂಡಿದ್ದೆ. ಒಂದಿನ ಕೈ ಜಾರಿ ಮೂರು ವರ್ಷದ ಹಿಂದಿನ ಫೋಟೋಗೆ ಲೈಕ್ ಬಿತ್ತು. ಆ ಅವಮಾನದಲ್ಲಿ ಮೂರೂ ಅಕೌಂಟ್ ಡಿಲೀಟ್ ಮಾಡಿದೆ. ಅಂದ್ರೆ ನಂಗೆ ಬುದ್ಧಿ ಬಂದು ಬಿಟ್ಟಿದ್ದಲ್ಲ, ಹೆಬ್ಬೆರಳು ಬಿಡಿಸಿದ್ದು.

ಚುಟುಕು
ಆ ಹೆಬ್ಬೆರಳಿಗೆ ಸನ್ಮಾನ ಆಗಲಿ

ಖಾರಮಾತು
@ನೀಲಿ_ಟಿಕ್ ಒಪ್ಪಿದೆ, ಹುಡುಗೀರೂ ಮಾಡ್ತಾರೆ. ಆದ್ರೆ ಎರಡೂ ಒಂದೇ ತೂಕ ಅಂತ ಮಾತ್ರ ಹೇಳಬೇಡಿ. ನೀವು ಲೈಕ್ ಒತ್ತಿದಾಗ ಅವನಿಗೆ ಕಿರಿಕಿರಿ ಆಗಿರುತ್ತೆ. ನನ್ ಫ್ರೆಂಡ್‌ಗೆ ಹಳೇ ಬಾಯ್‌ಫ್ರೆಂಡ್ ಪಾರ್ಕಿಂಗಲ್ಲಿ ಕಾಣಿಸಿದಾಗ ಅವಳು ಮನೆಗೆ ಹೋಗೋ ದಾರಿನೇ ಬದಲಾಯಿಸಿದಳು. ಕಿರಿಕಿರಿಗೂ ಹೆದರಿಕೆಗೂ ವ್ಯತ್ಯಾಸ ಇದೆ.

ನೀಲಿ_ಟಿಕ್
@ಖಾರಮಾತು ಒಂದೇ ತೂಕ ಅಂದಿಲ್ಲ ನಾನು. ಆದ್ರೆ ಅವನಿಗೆ ಬರೀ ಕಿರಿಕಿರಿ ಅಂತ ನೀವು ಹೇಗೆ ಹೇಳ್ತೀರಿ? ನಾನೇ ಅವನನ್ನ ಕೇಳಿಲ್ಲ.

ಖಾರಮಾತು
ಹ್ಮ್. ಸರಿ, ಆ ಪಾಯಿಂಟ್ ನಿಮ್ದು.

ಬಿಸಿಲುಕುದುರೆ
ನೋಡೋದರಿಂದ ಏನೂ ಆಗಲ್ಲ ಅನ್ನೋದು ನಿಜಾನೋ ಸುಳ್ಳೋ? ನಾನೂ ಅವಾಗವಾಗ ನೋಡ್ತೀನಿ, ಸುಳ್ಳು ಯಾಕೆ ಹೇಳಲಿ.

ಪುಸ್ತಕದ_ಹುಳ
@ಬಿಸಿಲುಕುದುರೆ ತಾರಾ ಮಾರ್ಷಲ್ ಅಂತ, 2012ರಲ್ಲಿ 464 ಜನರನ್ನ ಕೇಳಿದ್ರು. ಫೇಸ್‌ಬುಕ್ಕಲ್ಲಿ ಹಳೇ ಸಂಗಾತಿಯ ಪೇಜ್ ಜಾಸ್ತಿ ನೋಡೋರಿಗೆ ನೋವು, ಹಂಬಲ ಎರಡೂ ಜಾಸ್ತಿ, ಅದರಿಂದ ಬೆಳೆದು ಹೊರಗೆ ಬಂದಿದ್ದು ಕಮ್ಮಿ. ನೋಡಿದ್ದಕ್ಕೆ ನೋವೋ, ನೋವಿದ್ದವರೇ ನೋಡೋದೋ ಅದರಿಂದ ಹೇಳೋಕಾಗಲ್ಲ. ಹುಣ್ಣು ಕೆರೆಯೋದು ತುರಿಕೆಗೇ, ತುರಿಕೆ ಜಾಸ್ತಿ ಆಗೋದು ಕೆರೆದಿದ್ದಕ್ಕೇ.

ಬಿಸಿಲುಕುದುರೆ
ಸರಿ ಇವತ್ತಿಂದ ಬಂದ್. ಒಟಿಟಿ ಅಕೌಂಟ್ ಮಾತ್ರ ಇನ್ನೂ ಅವಳದ್ದೇ ಯೂಸ್ ಮಾಡ್ತಿದೀನಿ, ಅದು ಲೆಕ್ಕಕ್ಕೆ ಬರುತ್ತಾ?

ನೀಲಿ_ಟಿಕ್
ಅಯ್ಯೋ ಬರುತ್ತೆ! ಅವಳು ಎಷ್ಟನೇ ಎಪಿಸೋಡ್ ತನಕ ನೋಡಿದಾಳೆ ಅಂತ ಕಾಣ್ಸುತ್ತಲ್ಲ.

ಬಿಸಿಲುಕುದುರೆ
ಅವಳ ಪ್ರೊಫೈಲ್ ಓಪನ್ ಮಾಡಲ್ಲ ನಾನು. ಒಂದೆರಡು ಸಲ ಮಾಡಿರಬಹುದು. ಒಬ್ಬಳೇ ಕೂತು ಹಾರರ್ ನೋಡ್ತಿದಾಳೆ, ನನ್ ಜೊತೆ ಇದ್ದಾಗ ಭಯ ಅಂತ ಒಂದೂ ನೋಡ್ತಿರಲಿಲ್ಲ, ಅದೇ ತಲೆ ಕೆಟ್ಟೋಯ್ತು.

ಚುಟುಕು
ನಿಮ್ ಜೊತೆ ಇದ್ಮೇಲೆ ಧೈರ್ಯ ಬಂದಿರುತ್ತೆ

ರಾತ್ರಿಗೂಬೆ
😂😂 ಪಾಸ್‌ವರ್ಡ್ ಕೊಡಿ, ನಮಗೂ ಆ ಸೀರೀಸ್ ನೋಡಬೇಕಿತ್ತು

ನಿರ್ವಾಹಕ
ಪಾಸ್‌ವರ್ಡ್ ಹಂಚೋದು ಇಲ್ಲಿ ಬೇಡ. ವಿಷ್ಯಕ್ಕೆ ಬನ್ನಿ.

ಹಳೇ_ರೇಡಿಯೋ
ತಡವಾಗಿ ಬಂದೆ. ನಾನು ನಿಮ್ ರೂಮ್‌ಮೇಟ್ ಆಗಿದ್ದೆ, ಅಂದ್ರೆ ಅದೇ ಕೆಲಸ ಮಾಡಿದೋನು, 23ನೇ ವಯಸ್ಸಲ್ಲಿ, ಹೆಚ್ಚು ಕಮ್ಮಿ ಒಂದು ವರ್ಷ. ಈಗ 31. ಯಾಕೆ ಅಂತ ಕೇಳಿದ್ರಲ್ಲ, ನನ್ ಮಟ್ಟಿಗೆ ಹೇಳ್ತೀನಿ, ಉದ್ದ ಆಗುತ್ತೆ ಕ್ಷಮಿಸಿ.

ಆಗ ಯಾರಾದ್ರೂ ಕೇಳಿದ್ರೆ "ಅವಳಿಲ್ದೆ ಬದುಕೋಕಾಗಲ್ಲ" ಅಂತಿದ್ದೆ. ಸುಳ್ಳು. ಅವಳು ಜೊತೆಗಿದ್ದಾಗ ಕೊನೇ ಆರು ತಿಂಗಳು ನಾನು ಅವಳನ್ನ ಸರಿಯಾಗಿ ಮಾತಾಡಿಸ್ತಾನೇ ಇರಲಿಲ್ಲ. ಹೋದ್ಮೇಲೆ ನಂಗೆ ಬೇಕಾಗಿದ್ದು ಅವಳಲ್ಲ, ಅವಳ ಬಾಯಿಂದ ಒಂದು ತೀರ್ಪು. "ನೀನು ಕೆಟ್ಟವನಲ್ಲ, ನಾನೇ ತಪ್ಪು ಮಾಡ್ದೆ" ಅಂತ. ಆಗ ನಂಗೆ ಸರಿಯಾದ ಕೆಲಸ ಇರಲಿಲ್ಲ, ಓದಿದ್ದು ಅರ್ಧಕ್ಕೆ ನಿಂತಿತ್ತು, ಮನೇಲಿ ಮಾತು ಕಮ್ಮಿ, ನಾನು ಪರವಾಗಿಲ್ಲ ಅಂತ ಹೇಳೋಕೆ ಇದ್ದ ಸಾಕ್ಷಿ ಅವಳೊಬ್ಬಳೇ. ಸಾಕ್ಷಿನೇ ಎದ್ದು ಹೋದ್ರೆ? ಅವಳು ಸಿಕ್ರೆ ಎಲ್ಲಾ ಸರಿಹೋಗುತ್ತೆ, ಕೆಲಸನೂ ಸಿಗುತ್ತೆ, ನಿದ್ದೆನೂ ಬರುತ್ತೆ ಅಂತ ಲೆಕ್ಕ ಹಾಕಿದ್ದೆ.

ಇನ್ನೊಂದು ಹೇಳಿದ್ರೆ ನೀವು ನಗ್ತೀರಿ. ನಂಗೆ ಪ್ರತಿಯೊಂದೂ ಸಿಗ್ನಲ್. ಬ್ಲಾಕ್ ಮಾಡಿದ್ರೆ "ನನ್ ಮೇಲೆ ಇನ್ನೂ ಕೋಪ ಇದೆ, ಕೋಪ ಇದ್ರೆ ಪ್ರೀತಿ ಇದೆ". ಬ್ಲಾಕ್ ತೆಗೆದ್ರೆ "ನಾನು ಮೆಸೇಜ್ ಮಾಡಲಿ ಅಂತ ತೆಗೆದಿದಾಳೆ". ಅವಳ ಫ್ರೆಂಡ್ ಬೈದ್ರೆ "ಇವಳೇ ನಮ್ಮಿಬ್ಬರನ್ನ ದೂರ ಮಾಡಿದ್ದು". ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ. ಅವಳು ಏನು ಮಾಡಿದ್ರೂ ಅದಕ್ಕೆ "ಬೇಡ" ಅನ್ನೋ ಅರ್ಥ ಬರದೇ ಇರೋ ಹಾಗೆ ನೋಡ್ಕೊಳ್ಳೋದೇ ನನ್ ಫುಲ್ ಟೈಮ್ ಕೆಲಸ ಆಗಿತ್ತು.

ಸೈಲೆಂಟ್_ಮೋಡ್
@ಹಳೇ_ರೇಡಿಯೋ ಕೋಪ ಬರ್ತಿದೆ ಓದ್ತಾ, ಆದ್ರೂ ಓದ್ತಿದೀನಿ. ನಿಂತಿದ್ದು ಹೇಗೆ?

ಪುಸ್ತಕದ_ಹುಳ
@ಹಳೇ_ರೇಡಿಯೋ ನೀವು ಅನುಭವದಿಂದ ಹೇಳಿದ್ದನ್ನೇ ಕೆಲವರು ಥಿಯರಿ ಮಾಡಿದಾರೆ, ಕ್ಯೂಪಾಕ್ ಮತ್ತು ಸ್ಪಿಟ್ಜ್‌ಬರ್ಗ್ ಅಂತ. ಸಂಬಂಧ ಅನ್ನೋದು ಒಂದು ಸಣ್ಣ ಗುರಿ, ಅದನ್ನ "ನಾನು ಬೆಲೆ ಇರೋ ಮನುಷ್ಯ", "ನಾನು ಸುಖವಾಗಿರ್ತೀನಿ" ಅನ್ನೋ ದೊಡ್ಡ ಗುರಿಗೆ ಗಂಟು ಹಾಕಿಬಿಟ್ರೆ, ಸಣ್ಣದನ್ನ ಬಿಟ್ರೆ ದೊಡ್ಡದೂ ಹೋಯ್ತು ಅನ್ಸುತ್ತೆ. ಹಾಗಾಗಿ ಅಡ್ಡಿ ಬಂದಷ್ಟೂ ಪ್ರಯತ್ನ ಜಾಸ್ತಿ ಮಾಡ್ತಾರೆ. ಬೌಮೈಸ್ಟರ್ ತಂಡ 1993ರಲ್ಲಿ ಎರಡೂ ಕಡೆಯವರಿಂದ ಕತೆ ಬರೆಸಿದ್ರು, ಪ್ರೀತಿ ಸಿಗದವರು ಮತ್ತು ಬೇಡ ಅಂದವರು. ಸಿಗದವರ ಕತೇಲಿ "ನಂಗೆ ಆಸೆ ತೋರಿಸಿದ್ರು", ಬೇಡ ಅಂದವರ ಕತೇಲಿ "ನಾನು ಹಾಗೇನೂ ಮಾಡಿರಲಿಲ್ಲ, ಎಷ್ಟು ಹೇಳಿದ್ರೂ ಕೇಳಲಿಲ್ಲ". ಬೇಡ ಅಂದವರೂ ತಪ್ಪು ಮಾಡಿದ ಹಾಗೆ ಒದ್ದಾಡಿದಾರೆ ಅನ್ನೋದು ಅಲ್ಲಿ ಕಾಣ್ಸುತ್ತೆ. ಸೈಲೆಂಟ್ ಮೋಡ್ ಅವರ "ನೀನು ತುಂಬಾ ಒಳ್ಳೆಯವನು" ಅದೇ.

ರಾತ್ರಿಗೂಬೆ
ಒಂದು ಕೇಳ್ತೀನಿ ಬೈಬೇಡಿ. ಕಾರಣ ಹೇಳದೆ ಹೋದ್ರೆ? ಕ್ಲೋಶರ್, ಅಂದ್ರೆ ಮನಸ್ಸಿಗೆ ಒಂದು ಮುಕ್ತಾಯ ಅಂತ ಬೇಡ್ವಾ ಮನುಷ್ಯನಿಗೆ?

ಹಳೇ_ರೇಡಿಯೋ
@ರಾತ್ರಿಗೂಬೆ ನಂಗೆ ಕಾರಣ ನಾಲ್ಕು ಸಲ ಹೇಳಿದ್ದಳು. ನಾಲ್ಕು ಸಲನೂ ನಾನು "ನಿಜವಾದ ಕಾರಣ ಹೇಳು" ಅಂದೆ.

@ಸೈಲೆಂಟ್_ಮೋಡ್ ನಿಂತಿದ್ದು ನನ್ ದೊಡ್ಡತನದಿಂದ ಅಲ್ಲ. ನಾನು ಅವಳಿಗೆ ಕಳ್ಸೋ ಮೆಸೇಜನ್ನ ಮೊದಲು ಅಕ್ಕನಿಗೆ ಓದಿ ಹೇಳ್ತಿದ್ದೆ, ಸರಿ ಇದ್ಯಾ ಅಂತ. ಒಂದಿನ ಅಕ್ಕ, "ಇದನ್ನ ನಂಗೆ ಯಾರಾದ್ರೂ ಕಳ್ಸಿದ್ರೆ ನೀನೇನು ಮಾಡ್ತಿದ್ದೆ?" ಅಂತ ಕೇಳಿದಳು. ಅವನ ಮನೆ ಹುಡುಕ್ಕೊಂಡು ಹೋಗಿ ಒದೀತಿದ್ದೆ ಅಂದೆ. ಅವಳು ಏನೂ ಹೇಳದೆ ಒಳಗೆ ಹೋದಳು. ಆಮೇಲೆ ನಾಲ್ಕು ದಿನ ನನ್ ಜೊತೆ ಮಾತೇ ಆಡಲಿಲ್ಲ. ಆ ನಾಲ್ಕು ದಿನ ಕಳ್ಸಲಿಲ್ಲ, ಐದನೇ ದಿನ ಕಷ್ಟ ಆಯ್ತು, ಅಕ್ಕನೇ ಒಬ್ಬ ಕೌನ್ಸೆಲರ್ ಹತ್ರ ಕರ್ಕೊಂಡು ಹೋದಳು. ಮಧ್ಯ ಎರಡು ಸಲ ಜಾರಿದೀನಿ, ಅದೂ ಹೇಳ್ಬಿಡ್ತೀನಿ. ಆ ಹುಡುಗಿಗೆ ಕ್ಷಮೆ ಕೇಳಿಲ್ಲ. ಕ್ಷಮೆ ಕೇಳೋದೂ ಒಂದು ಮೆಸೇಜೇ ಅಂತ ಕೌನ್ಸೆಲರ್ ಹೇಳಿದ್ರು.

ಸೈಲೆಂಟ್_ಮೋಡ್
ಕೊನೇ ಸಾಲಿಗೆ ಥ್ಯಾಂಕ್ಸ್. ನನಗೆ ಬಂದ ಅತೀ ಉದ್ದದ ಮೆಸೇಜ್ ಕ್ಷಮೆಯದ್ದೇ.

ಬಿಸಿಲುಕುದುರೆ
ಸಿನಿಮಾದವರನ್ನ ಯಾರೂ ಬೈದೇ ಇಲ್ಲ ಇನ್ನೂ? ಹೀರೋ ಮಳೇಲಿ ನಿಂತ, ಹೀರೋಯಿನ್ ಕರಗಿದಳು.

ಪುಸ್ತಕದ_ಹುಳ
ಅದರ ಮೇಲೂ ಕೆಲಸ ಆಗಿದೆ. ಜೂಲಿಯಾ ಲಿಪ್‌ಮನ್ ಅನ್ನೋರು ಹೆಂಗಸರಿಗೆ ಬೇರೆ ಬೇರೆ ಸಿನಿಮಾ ತೋರಿಸಿ ಆಮೇಲೆ ಹಿಂಬಾಲಿಸೋದರ ಬಗ್ಗೆ ಕೇಳಿದ್ರು. ಹಿಂದೆ ಬೀಳೋದನ್ನ ಭಯ ಹುಟ್ಟಿಸೋ ಹಾಗೆ ತೋರಿಸಿದ ಸಿನಿಮಾ ನೋಡಿದವರು "ಅದೇನು ದೊಡ್ಡ ವಿಷ್ಯ" ಅನ್ನೋ ನಂಬಿಕೇನ ಕಮ್ಮಿ ಒಪ್ಪಿದ್ರು. ರೊಮ್ಯಾಂಟಿಕ್ ಆಗಿ ತೋರಿಸಿದ್ದನ್ನ ನಿಜ ಅಂತ ಒಳಗೆ ತಗೊಂಡವರು ಜಾಸ್ತಿ ಒಪ್ಪಿದ್ರು. ಆದ್ರೆ ಸಿನಿಮಾ ಒಂದರ ಮೇಲೇ ಎಲ್ಲಾ ಹಾಕೋದು ನಂಗೆ ಒಪ್ಪಿಗೆ ಇಲ್ಲ, ಎಲ್ರೂ ನೋಡೋದು ಅದೇ ಸಿನಿಮಾ ತಾನೇ.

ಖಾರಮಾತು
ಎಲ್ಲಾ ಸರಿ, ಮೂಲ ಪೋಸ್ಟಲ್ಲಿ ಒಂದು ಸಾಲು ಯಾರೂ ಗಮನಿಸಿಲ್ಲ. @ಮಹಡಿಮನೆ_ಮಗ ದಿನಾ ರಾತ್ರಿ ನೀವು ಫೋನ್ ಕೊಡ್ತೀರಿ. ಅವಳು ಅವನನ್ನ ಬ್ಲಾಕ್ ಮಾಡಿದಾಳೆ, ನಿಮ್ಮನ್ನ ಮಾಡಿಲ್ಲ. ಯಾಕೆ ಮಾಡಿಲ್ಲ ಯೋಚನೆ ಮಾಡಿ. ನಿಮ್ ಮೇಲೆ ನಂಬಿಕೆ ಇದ್ದಿದ್ದಕ್ಕೆ. ಅವಳು ಹಾಕಿದ ಬಾಗಿಲಿಗೆ ಹಿಂದಿನಿಂದ ಕಿಟಕಿ ತೆಗೆದು ಕೊಟ್ಟಿರೋದು ನೀವು.

ಆ ಚಿಲ್ಲರೆ ಕಾಸಿನ ವಿಷ್ಯ ತಮಾಷೆ ಅಂತ ಬೇರೆ ಅಂದ್ಕೋಬೇಡಿ. ಆಸ್ಟ್ರೇಲಿಯಾದ ಕಾಮನ್‌ವೆಲ್ತ್ ಬ್ಯಾಂಕ್ 2020ರಲ್ಲಿ ಚೆಕ್ ಮಾಡಿದಾಗ ಮೂರು ತಿಂಗಳಲ್ಲಿ 8,000ಕ್ಕೂ ಜಾಸ್ತಿ ಗ್ರಾಹಕರಿಗೆ ಹೀಗೆ ಸಣ್ಣ ಸಣ್ಣ ಮೊತ್ತದ ಜೊತೆ ಕಿರುಕುಳ ಅನ್ನಿಸೋ ಮೆಸೇಜ್ ಬಂದಿತ್ತು. ಹಿಂಬಾಲಿಸೋದರ ವಿರುದ್ಧ ಕ್ಯಾಲಿಫೋರ್ನಿಯಾ 1990ರಲ್ಲೇ ಕಾನೂನು ಮಾಡ್ತು, ಆಮೇಲೆ ಎಷ್ಟೋ ದೇಶ ಮಾಡಿವೆ. ಎರಡು ಸಲ ಆಫೀಸ್ ಹತ್ರ ನಿಂತಿದ್ದು ಎಂಥಾ ವಿಷ್ಯ ಅಂತ ಅವಳು ಕಂಪ್ಲೇಂಟ್ ಕೊಟ್ರೆ ನಿಮ್ ಫ್ರೆಂಡ್‌ಗೆ ಅರ್ಥ ಆಗುತ್ತೆ.

ಮಹಡಿಮನೆ_ಮಗ
@ಖಾರಮಾತು ಇದನ್ನ ಮಧ್ಯಾಹ್ನ ಓದ್ದೆ, ಉತ್ತರ ಬರೆಯೋಕೆ ಆಗಲಿಲ್ಲ. ನಾನು ಮಧ್ಯದವನು, ನಂಗೇನೂ ಸಂಬಂಧ ಇಲ್ಲ ಅಂದ್ಕೊಂಡಿದ್ದೆ. ಹೋದ ತಿಂಗಳು ಅವಳೇ ನಂಗೆ ಮೆಸೇಜ್ ಮಾಡಿ "ಅವನು ಹುಷಾರಾಗಿದಾನಾ" ಅಂತ ಕೇಳಿದ್ದಳು. ಅದನ್ನೂ ನಾನು ಅವನಿಗೆ ತೋರಿಸಿದ್ದೆ, ಖುಷಿ ಆಗಲಿ ಅಂತ. ಅದಾದ ಮಾರನೇ ದಿನವೇ ಅವನು ಆಫೀಸ್ ಹತ್ರ ಹೋಗಿದ್ದು. ಈಗ ಲಿಂಕ್ ಆಗ್ತಿದೆ.

ಸೈಲೆಂಟ್_ಮೋಡ್
ಅವಳಿಗೆ ಹೇಳಿ. ಉದ್ದ ಬೇಡ. "ನಿನ್ನ ಸ್ಟೋರಿ ನನ್ ಫೋನಲ್ಲಿ ಅವನು ನೋಡ್ತಿದ್ದ, ಇನ್ಮೇಲೆ ಇಲ್ಲ, ನನ್ನನ್ನೂ ತೆಗೀಬೇಕು ಅಂದ್ರೆ ತೆಗಿ." ಅಷ್ಟು ಗೊತ್ತಾದ್ರೆ ಏನು ಹಾಕಬೇಕು ಏನು ಹಾಕಬಾರದು ಅಂತ ಅವಳೇ ನೋಡ್ಕೋತಾಳೆ.

ಹಳೇ_ರೇಡಿಯೋ
ಮತ್ತೆ ಅವನನ್ನ ಒಬ್ಬನೇ ಬಿಡಬೇಡಿ. ಫೋನ್ ಕೊಡಬೇಡಿ, ಜೊತೆಗೆ ಇರಿ. ಆ ರಾತ್ರಿ ಊಟ ಆದ್ಮೇಲಿನ ಒಂದು ಗಂಟೆನೇ ಕಷ್ಟದ್ದು, ಆಗ ಎದ್ದು ಒಂದು ರೌಂಡ್ ನಡ್ಕೊಂಡು ಬನ್ನಿ. ಸಾಯೋ ಮಾತು ಏನಾದ್ರೂ ಆಡಿದ್ರೆ ತಮಾಷೆ ಅಂತ ಬಿಡಬೇಡಿ, ಮನೆಯವರಿಗೆ ಹೇಳಿ, ಡಾಕ್ಟರ್ ಹತ್ರ ಕರ್ಕೊಂಡು ಹೋಗಿ.

ಮಹಡಿಮನೆ_ಮಗ
ಅಪ್ಡೇಟ್: ಅವಳಿಗೆ ಮೆಸೇಜ್ ಹಾಕ್ದೆ. ನೋಡಿದಾಳೆ, ಉತ್ತರ ಇಲ್ಲ, ನನ್ನನ್ನೂ ಬ್ಲಾಕ್ ಮಾಡಿದಾಳೆ. ಬೇಜಾರಾಯ್ತು ಆದ್ರೆ ಸರಿನೇ. ಇವನು ನಿನ್ನೆ ಫೋನ್ ಕೇಳ್ದ, ಲಾಕ್ ಬದಲಾಯಿಸಿದೀನಿ ಅಂದೆ. "ನೀನೂನಾ" ಅಂದ. ತುಂಬಾ ಹೊತ್ತು ಗೋಡೆ ನೋಡ್ತಾ ಕೂತಿದ್ದ. ಹನ್ನೊಂದು ಗಂಟೆಗೆ "ನಡಿ ಆಚೆ ಹೋಗೋಣ" ಅಂತ ಅವನೇ ಎದ್ದ. ದಾರಿ ಪೂರ್ತಿ ಅವಳ ವಿಷ್ಯನೇ ಮಾತಾಡ್ದ, ಕೇಳಿಸ್ಕೊಂಡೆ.

ರಾತ್ರಿಗೂಬೆ
ಕಸಿನ್ ಹೆಂಡ್ತೀನ ಕೇಳ್ದೆ. ಏನು ಹೇಳಿದ್ರು ಅಂತ ಇಲ್ಲಿ ಬರೆಯಲ್ಲ. @ಖಾರಮಾತು ನೀವು ಹೇಳಿದ್ದು ಸರಿ.

ಖಾರಮಾತು
@ರಾತ್ರಿಗೂಬೆ ಕೇಳಿದ್ರಲ್ಲ, ಅಷ್ಟು ಸಾಕು.

ಚುಟುಕು
@ಬಿಸಿಲುಕುದುರೆ ಒಟಿಟಿ ಲಾಗ್ಔಟ್ ಆಯ್ತಾ ಸರ್?

ಬಿಸಿಲುಕುದುರೆ
ಸೀಸನ್ನಲ್ಲಿ ಇನ್ನೂ ಎರಡು ಎಪಿಸೋಡ್ ಬಾಕಿ ಇದೆ ತಡೀರಿ

ನೀಲಿ_ಟಿಕ್
ಲಾಗ್ಔಟ್. ಈಗಲೇ.

ಬಿಸಿಲುಕುದುರೆ
ಮಾಡ್ದೆ ಮಾಡ್ದೆ. ಯಾರಾದ್ರೂ ಕೊನೇಲಿ ಏನಾಯ್ತು ಅಂತ ಹೇಳಿ.